ತಪ್ಪು ಭೂತದ್ದಲ್ಲ
ಮಕ್ಕಳನ್ನು ಕೂರಿಸಿಕೊಂಡು ಭೂತದ ಧಾರಾವಾಹಿ ನೋಡಬಹುದೇ? 1995ರಲ್ಲಿ ಸೋನಿ ವಾಹಿನಿಯಲ್ಲಿ ಬಿ.ಪಿ. ಸಿಂಗ್ ಅವರ ‘ಆಹಟ್’ ಆರಂಭವಾದಾಗ ನಾನು ಬೇಡವೆಂದೇ ಅಂದಿದ್ದೆ. ಆದರೆ ಕುಬಟೂರನ್ನು ಚಂದ್ರಹಾಸನ ಕುಂತಳನಗರವೆಂದು ನಂಬಿದವರು ನಾವು. ಕಟುಕರು, ವಿಷದ ಓಲೆ, ಕಾಳಿಯ ಗುಡಿಯಲ್ಲಿ ಮದನನ ಹೆಣ. ಆ ಕಥೆಯಲ್ಲಿ ಭಯವೇನು ಕಡಿಮೆಯೇ? ಅದನ್ನು ಎಳೆಯರಿಗೇ ಹೇಳುತ್ತೇವಲ್ಲ!

ಆದರೆ ಕಥೆ ಹೇಳುವ ಅಜ್ಜಿ ಮಗುವಿನ ಮುಖ ನೋಡಿ ದನಿ ತಗ್ಗಿಸುತ್ತಾಳೆ. ಸತ್ತ ಮದನ ಮತ್ತೆ ಏಳುವವರೆಗೂ ಮಗುವನ್ನು ಮಲಗಿಸುವುದಿಲ್ಲ. ‘ಆಹಟ್’ ಬಾಗಿಲು ಕಿರುಗುಟ್ಟಿಸಿ, ಬೆಚ್ಚಿಬೀಳಿಸಿ, ಜಾಹೀರಾತಿಗೆ ಹೊರಟುಬಿಡುತ್ತಿತ್ತು.

ಇಂಥವನ್ನು ದೊಡ್ಡ ಮಕ್ಕಳು ನೋಡಲಿ. ಹಿರಿಯರೊಬ್ಬರು ಪಕ್ಕದಲ್ಲಿರಲಿ, ಮುಗಿದ ಮೇಲೆ ಟಿ.ವಿ. ಆರಿಸಿ ಮಾತಾಡಲಿ. ನಾವು ಒಳಗೆ ಒಗ್ಗರಣೆ ಹಾಕುತ್ತಾ ಮಗುವನ್ನು ಒಂಟಿಯಾಗಿ ಅದರ ಮುಂದೆ ಬಿಟ್ಟರೆ, ತಪ್ಪು ಭೂತದ್ದಲ್ಲ.