ಬಾಲಕ್ಕೊಂದು ಊರುಗೋಲು

ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರೂ ಡಾರ್ನಿಯರ್ ಬಂತು ಅಂತ ನಾನು ಹೇಳಬಲ್ಲೆ. ಕೋಸ್ಟ್ ಗಾರ್ಡಿನ ಆ ಪುಟ್ಟ ಕಾವಲು ವಿಮಾನ ಕಡಲಂಚಿನಲ್ಲಿ ಹಾದುಹೋಗುವಾಗ ಪಕ್ಕದ ಮನೆಯಲ್ಲಿ ಯಾರೋ ಮಿಕ್ಸಿ ನಿಲ್ಲಿಸಲು ಮರೆತ ಹಾಗಿರುತ್ತದೆ. ಜೆಟ್‌ಗೆ ಬರೀ ಗದ್ದಲ. ಟರ್ಬೈನಿನಿಂದ ಪ್ರೊಪೆಲರ್ ತಿರುಗಿಸುವ ಇಂಥ ಟರ್ಬೊಪ್ರಾಪ್‌ಗೆ ಶ್ರುತಿ ಇದೆ.

ಈ ಹುಚ್ಚು ಹತ್ತಿಸಿದ್ದು ಕಾರ್ಕಳದ ನಮ್ಮ ಭಾವ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ವರ್ಷಗಟ್ಟಲೆ ಇನ್ನೊಂದು ಟರ್ಬೊಪ್ರಾಪ್ ವಿಮಾನವಾದ ಸೆಸ್ನಾ ಕ್ಯಾರವಾನ್‌ನಲ್ಲಿ ಸಾಮಾನು ಸಾಗಿಸಿದವರು. ಅದಕ್ಕೆ ಒಂದೇ ಎಂಜಿನ್. ಹೊರುವುದು ಹೆಚ್ಚೆಂದರೆ ಒಂದೂವರೆ ಟನ್. "ಅಷ್ಟು ಹೊತ್ತು ಒಬ್ಬರೇ, ಉದಾಸೀನ ಆಗುದಿಲ್ವಾ ಭಾವ?" ಎಂದು ಕೇಳಿದ್ದೆ. "ಪೆಟ್ಟಿಗೆ ವಾಂತಿ ಮಾಡುದಿಲ್ಲ ಮಾರಾಯ, ಚಾ ಕೇಳುದಿಲ್ಲ. ಆದ್ರೆ ಜಾರ್ತದೆ" ಅಂದರು.

ಅವರ ವಿದ್ಯೆಯೆಲ್ಲ ಆ 'ಜಾರ್ತದೆ'ಯಲ್ಲಿತ್ತು. ಕ್ಯಾರವಾನ್‌ನ ಒಳಗೋಡೆಯ ಮೇಲೆ ಒಂದರಿಂದ ಆರರವರೆಗೆ ಅಂಕಣ ಹಾಕಿ, ಯಾವ ಅಂಕಣಕ್ಕೆ ಎಷ್ಟು ತೂಕ ಎಂದು ಬರೆದಿರುತ್ತಾರೆ. ಭಾರದ್ದನ್ನು ಮುಂದಕ್ಕೆ ತಳ್ಳಬೇಕು, ಹಗುರದ್ದನ್ನು ಹಿಂದೆ ಇಡಬೇಕು, ಮೇಲೆ ಬಲೆ ಬಿಗಿಯಬೇಕು. ಆದರೆ ಬಾಗಿಲಿರುವುದು ಹಿಂಭಾಗದಲ್ಲಿ. ಮೊದಲು ಹತ್ತಿದ ಭಾರವೆಲ್ಲ ಅಲ್ಲೇ ನಿಲ್ಲುವುದರಿಂದ ಬಾಲದ ಕೆಳಗೆ ಒಂದು ಕಬ್ಬಿಣದ ಊರುಗೋಲು ಕೊಟ್ಟಿರುತ್ತಾರೆ. ಅದನ್ನು ಮರೆತ ದಿನ ಇಡೀ ವಿಮಾನ ಮೂಗು ಮೇಲೆತ್ತಿ, ನಾಯಿ ಕುಂಡೆಯೂರಿ ಕೂತ ಹಾಗೆ ಕೂತುಬಿಟ್ಟದ್ದನ್ನು ಭಾವ ಕಣ್ಣಾರೆ ಕಂಡಿದ್ದಾರೆ. ಯಾರ ವಿಮಾನ ಎಂದು ಕೇಳಿದರೆ ಮಾತ್ರ ವಿಷಯ ಬದಲಿಸುತ್ತಾರೆ.

ಎಂಜಿನ್ ಚಾಲೂ ಮಾಡುವುದನ್ನು ಅವರು ಅಡುಗೆಮನೆಯಲ್ಲಿ ಕೂತೇ ಅಭಿನಯಿಸಿ ತೋರಿಸಿದ್ದರು. ಎಡಗೈಯಲ್ಲಿ ಸ್ಟಾರ್ಟರ್. ಇಗ್ನೈಟರ್ 'ಟಿಕ್ ಟಿಕ್ ಟಿಕ್' ಎನ್ನಬೇಕು, ತಿರುಗಣೆಯ ಸ್ವರ ಏರಬೇಕು. ವೇಗ ಶೇಕಡಾ 12 ದಾಟುವ ತನಕ ಬಲಗೈ ಇಂಧನದ ಹಿಡಿಯ ಮೇಲೆ ಸುಮ್ಮನಿರಬೇಕು. ಆಮೇಲೆ ಹಿಡಿ ಮುಂದಕ್ಕೆ, ಕಣ್ಣು ಶಾಖದ ಮುಳ್ಳಿನ ಮೇಲೆ. ಮುಳ್ಳು 1090 ಡಿಗ್ರಿಯ ಗೆರೆಯತ್ತ ಓಡಿತೋ, ಕೂಡಲೇ ಇಂಧನ ಬಂದ್. "ಒಗ್ಗರಣೆ ಸೀಯುವ ಮೊದಲೇ ಸೌಟು ತೆಗೆದ ಹಾಗೆ" ಎಂದು ಅಕ್ಕನ ಕಡೆ ನೋಡಿದರು. ಅಕ್ಕ ತಿರುಗಿ ನೋಡಲಿಲ್ಲ.

ಮತ್ತೆ ಶ್ರುತಿಯ ಮಾತಿಗೆ ಬಂದರೆ, ಡಾರ್ನಿಯರ್‌ನ ಗ್ಯಾರೆಟ್ ಎಂಜಿನ್ನಿಗೂ ಪ್ರೊಪೆಲರ್‌ಗೂ ನೇರ ಗಿಯರಿನ ಸಂಬಂಧ. ಒಂದು ತಿರುಗಿದರೆ ಇನ್ನೊಂದು ತಿರುಗಲೇಬೇಕು, ಹಾಗಾಗಿ ನೆಲದ ಮೇಲೆ ನಿಂತಿದ್ದರೂ ಕಿರುಚಾಟ ತಪ್ಪದು. ಕ್ಯಾರವಾನ್‌ನ ಪಿಟಿ-6ರಲ್ಲಿ ಪ್ರೊಪೆಲರ್ ತಿರುಗಿಸುವ ಟರ್ಬೈನ್ ಬೇರೆಯೇ ಇದೆ. ಅದಕ್ಕೂ ಎಂಜಿನ್ನಿನ ಉಳಿದ ತಿರುಗಣೆಗೂ ನಡುವೆ ಇರುವುದು ಬಿಸಿ ಗಾಳಿ ಮಾತ್ರ. ಗಾಳಿ ಒಳಗೆ ಹೋಗುವುದು ಎಂಜಿನ್ನಿನ ಹಿಂದಿನಿಂದ, ಹೊಗೆ ಬರುವುದು ಮುಂದಿನಿಂದ. ಕಿವಿಯ ಮಟ್ಟಿಗೆ ನನ್ನ ಓಟು ಪಿಟಿ-6ಕ್ಕೆ.

ಭಾವನಿಗೆ ವಿಮಾನದ ಆಸೆ ಹುಟ್ಟಿದ್ದೇ ವಿಚಿತ್ರ. 1981ರ ಆಗಸ್ಟಿನ ಮಳೆಯಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಬಂದಿಳಿದ ಆವ್ರೊ, ಅದೂ ಟರ್ಬೊಪ್ರಾಪ್, ರನ್‌ವೇ ದಾಟಿ ಹೋಗಿ ನಿಂತಿತು. ಒಳಗೆ ಕಾರ್ಕಳದ ಶಾಸಕ, ರಾಜ್ಯದ ಆಗಿನ ಹಣಕಾಸು ಸಚಿವ ವೀರಪ್ಪ ಮೊಯಿಲಿ ಇದ್ದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಸುದ್ದಿ ಕೇಳಿ ಊರವರು ವಿಮಾನವೇ ಬೇಡ ಎಂದರೆ, ಶಾಲೆಗೆ ಹೋಗುತ್ತಿದ್ದ ಇವರಿಗೆ ಅದು ನಿಂತದ್ದು ಹೇಗೆ ಎಂಬುದೇ ಚಿಂತೆ.

ನೈರೋಬಿಯಲ್ಲಿ ಅವರ ಮುಖ್ಯ ಸರಕು ಮಿರಾ. ಅಮಲಿಗೆ ಜಗಿಯುವ ಸೊಪ್ಪು. ಮೇರು ಸೀಮೆಯಲ್ಲಿ ಕೊಯ್ದದ್ದನ್ನು ಪಿಕಪ್‌ಗಳು ಪ್ರಾಣದ ಹಂಗಿಲ್ಲದೆ ವಿಲ್ಸನ್‌ಗೆ ತಂದು ಸುರಿಯುತ್ತವೆ; ಅಲ್ಲಿಂದ ವಿಮಾನದಲ್ಲಿ ಸೋಮಾಲಿಯಾಕ್ಕೆ. ಎರಡು ದಿನ ಕಳೆದರೆ ಅದು ಬರೀ ಕಸ. ಕೇಳುತ್ತಾ ನನಗೆ ನೆನಪಾದದ್ದು ಶಂಕರಪುರದ ಮಲ್ಲಿಗೆ. ಬಾಳೆನಾರಿನಲ್ಲಿ ಕಟ್ಟಿದ ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮುಂಬೈಗೂ ಗಲ್ಫಿಗೂ ಅದು ಹೋಗುವುದು ಬಜ್ಪೆಯಿಂದ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ, ಸೂಟ್‌ಕೇಸುಗಳ ನಡುವೆ. ಮಲ್ಲಿಗೆಗೇ ಒಂದು ಕ್ಯಾರವಾನ್ ಇದ್ದರೆ ಮುಂಬೈ ಎರಡೂವರೆ ಗಂಟೆಯ ದಾರಿ. ಲೆಕ್ಕ ಹಾಕಿದರೆ ಕಟ್ಟಿದವರಿಗೆ ಏನೂ ಗಿಟ್ಟಲಿಕ್ಕಿಲ್ಲ, ಗೊತ್ತು. ಆದರೂ ಸಂಜೆಗಳಲ್ಲಿ ಲೆಕ್ಕ ಹಾಕುತ್ತೇನೆ.

ಕಳೆದ ಸಲ ಭಾವ ಊರಿಗೆ ಬಂದಾಗ ಅವರನ್ನು ಶಂಕರಪುರಕ್ಕೆ ಕರೆದುಕೊಂಡು ಹೋಗಿದ್ದೆ. ಹೂವಿನ ಕಟ್ಟೆಯಲ್ಲಿ ಬಾಳೆಎಲೆ ಹೊದಿಸಿದ ದೊಡ್ಡದೊಂದು ಪೆಟ್ಟಿಗೆ ಇತ್ತು. ಯಾರನ್ನೂ ಕೇಳದೆ ಎರಡೂ ಕೈಯಲ್ಲಿ ಎತ್ತಿ, ತುಸು ತೂಗಿ ನೋಡಿ, ಮೆಲ್ಲನೆ ಕೆಳಗಿಟ್ಟರು.

"ಏಳು ಕಿಲೋ" ಅಂದರು. "ಇದು ಹಿಂದಕ್ಕೆ, ಬಾಗಿಲ ಹತ್ರ."