ಮುಳ್ಳು ಅಲುಗದ ವಾರಗಳು

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಗೆಳೆಯ ಹೋದ ವರ್ಷ ಅನ್ನ ಬಿಟ್ಟ. ತುಂಗಭದ್ರೆಯ ಎಡದಂಡೆ ಕಾಲುವೆ ನೀರಿನಲ್ಲಿ ಸೋನಾ ಮಸೂರಿ ಬೆಳೆಯುವ ಸೀಮೆಯಲ್ಲಿ ಅನ್ನ ಬಿಡುವುದು ಸಣ್ಣ ಮಾತಲ್ಲ. ನಾಲ್ಕು ತಿಂಗಳಲ್ಲಿ 92 ಕಿಲೋದಿಂದ 84ಕ್ಕೆ ಇಳಿದ. ಆಮೇಲೆ ಏಳು ವಾರ 84ರಲ್ಲೇ ನಿಂತ. “ಏನ್ ಮಾಡಿದ್ರೂ ಇಳಿವಲ್ದು ದೋಸ್ತ, ಸಾಕಾಗೇತಿ” ಎಂದು ಒಂದು ಸಂಜೆ ಅಂದಾಗ ಅವನ ದನಿ ಬಿದ್ದುಹೋಗಿತ್ತು.

ಅವನು ಹಿಡಿದ ದಾರಿ ಅವನೊಬ್ಬನದಲ್ಲ. ಅನ್ನದ ಬದಲು ಜೋಳದ ರೊಟ್ಟಿ, ಶನಿವಾರ ಅಂಜನಾದ್ರಿ ಬೆಟ್ಟ ಹತ್ತುವುದು, ದಿನಾ ಬೆಳಿಗ್ಗೆ ತೂಕದ ಕಾಟಾ. ಕೊಪ್ಪಳದಿಂದ ಕುಷ್ಟಗಿ, ಯಲಬುರ್ಗಾದವರೆಗೆ ತೂಕ ಇಳಿಸಲು ಹೊರಟವರಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಇದೇ. ಈ ಪದ್ಧತಿಯ ಮೇಲೆ ನನಗೆ ಪ್ರೀತಿ ಇದೆ. ಇದು ನಮ್ಮ ನೆಲದ್ದು, ಡಬ್ಬದ ಪುಡಿಗೆ ದುಡ್ಡು ಸುರಿಯಬೇಕಿಲ್ಲ. ಆದರೆ ತೂಕ ನಿಂತ ವಾರಗಳಲ್ಲಿ ಇದು ಜನರನ್ನು ನಡುನೀರಿನಲ್ಲಿ ಕೈಬಿಡುತ್ತದೆ. ಯಾಕೆ ಎಂಬುದನ್ನು ನೋಡಬೇಕು.

ಮೊದಲು ರೊಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, ಜೋಳದಲ್ಲಿ ಸುಮಾರು 334. ಅಂತರ ಅಷ್ಟೇ. ಜೋಳದ ಗುಣ ಇರುವುದು ನಾರಿನಲ್ಲಿ: ಅಕ್ಕಿಯಲ್ಲಿ ಮೂರು ಗ್ರಾಂಗೂ ಕಡಿಮೆ, ಜೋಳದಲ್ಲಿ ಹತ್ತು. ಹೊಟ್ಟೆ ಬೇಗ ತುಂಬುತ್ತದೆ, ತುಂಬಿದ್ದು ತಡೆಯುತ್ತದೆ. ಹಾಗಾಗಿ ರೊಟ್ಟಿ ಒಳ್ಳೆಯದು ಎಂಬ ಮಾತು ನಿಜ, “ರೊಟ್ಟಿ ತಿಂದ್ರ ತೂಕ ತಾನ ಇಳೀತೈತಿ” ಎಂಬ ಮಾತು ನಿಜವಲ್ಲ.

ಈಗ ಗೆಳೆಯನ ಲೆಕ್ಕ ನೋಡಿ. ದೇಹ ಒಂದು ಕಿಲೋ ಇಳಿದರೆ ದಿನದ ಖರ್ಚು ಸರಾಸರಿ 25 ಕ್ಯಾಲೊರಿಯಷ್ಟು ಕುಗ್ಗುತ್ತದೆ. ಎಂಟು ಕಿಲೋಗೆ 200. ಅರವತ್ತು ಗ್ರಾಂ ಹಿಟ್ಟು ಬಡಿದು ಮಾಡಿದ ಒಂದು ರೊಟ್ಟಿಯಲ್ಲಿ ಇರುವುದೂ 200. 92ರಲ್ಲಿದ್ದಾಗ ಕಡಿಮೆ ಎನಿಸುತ್ತಿದ್ದ ಊಟದಲ್ಲಿ 84ಕ್ಕೆ ಬಂದಾಗ ಒಂದು ರೊಟ್ಟಿ ಹೆಚ್ಚಾಗಿರುತ್ತದೆ, ಅವನು ಒಂದು ತುತ್ತೂ ಹೆಚ್ಚು ತಿನ್ನದೆ. ಇದಕ್ಕಿಂತ ಕಠಿಣವಾದದ್ದು ಹಸಿವು. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಹಾಕಿದ ಅಂದಾಜಿನಂತೆ ಇಳಿದ ಪ್ರತಿ ಕಿಲೋಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಖರ್ಚು ಕುಗ್ಗುವುದಕ್ಕಿಂತ ನಾಲ್ಕು ಪಟ್ಟು. ಇಂಥ ಹೊತ್ತಿನಲ್ಲಿ “ಮನಸ್ಸು ಗಟ್ಟಿ ಇಲ್ಲ” ಎಂದು ಮನೆಯವರೂ ನೆರೆಯವರೂ ಅನ್ನುವುದು ಅನ್ಯಾಯ. ಮನಸ್ಸು ಮೊದಲಿಗಿಂತ ಹೆಚ್ಚೇ ದುಡಿಯುತ್ತಿರುತ್ತದೆ.

ಅವನ ತಾಟಿನ ಮುಂದೆ ಒಂದು ದಿನ ಕೂತೆ. ಎರಡು ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಹಸಿ ಉಳ್ಳಾಗಡ್ಡಿ. ಹೆಸರಿಡಲು ಏನೂ ಇಲ್ಲ. ತಾಟಿನ ಅಂಚಿಗೆ ಶೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ. ಅದರ ನಡುವೆ ಬೆರಳಿನಿಂದ ಗುಳಿ ಮಾಡಿ ಎಣ್ಣೆ ಹೊಯ್ದ, ರೊಟ್ಟಿ ಮುಗಿಯುವ ಮೊದಲು ಇನ್ನೊಮ್ಮೆ ಹಿಂಡಿ ಹಾಕಿಸಿಕೊಂಡ. ರೊಟ್ಟಿ ಎಣಿಸುವವರು ಹಿಂಡಿ ಎಣಿಸುವುದಿಲ್ಲ. ಶೇಂಗಾ 100 ಗ್ರಾಂಗೆ 500 ಕ್ಯಾಲೊರಿ ದಾಟುತ್ತದೆ, ಎಣ್ಣೆ ಒಂದು ದೊಡ್ಡ ಚಮಚಕ್ಕೆ 120. ಏರಿದ ಹಸಿವು ಕದ್ದು ಒಳಬರುವುದು ಈ ಗುಳಿಯಿಂದಲೇ ಎಂದು ನನಗೆ ಅಂದೇ ಅನಿಸಿತು.

ಇನ್ನು ಕಾಟಾ. ನನ್ನ ದೊಡ್ಡ ತಕರಾರು ಇದರ ಮೇಲೆ. ಗೆಳೆಯನ ಗಿರಣಿಗೆ ಭತ್ತದ ಲಾರಿ ಬಂದರೆ ತೂಕ ನೋಡಿದ ಕೂಡಲೇ ಯಾರೂ ದರ ಹೇಳುವುದಿಲ್ಲ. ಹಿಡಿ ಭತ್ತ ಅಂಗೈಯಲ್ಲಿ ತಿಕ್ಕುತ್ತಾರೆ, ಎರಡು ಕಾಳು ಹಲ್ಲಲ್ಲಿ ಕಡಿಯುತ್ತಾರೆ, ತೇವಾಂಶ ಅಳೆಯುತ್ತಾರೆ. ಬೆಂಬಲ ಬೆಲೆಯ ಖರೀದಿಯಲ್ಲೂ ತೇವಾಂಶ ಶೇಕಡಾ 17 ಮೀರುವಂತಿಲ್ಲ. ಭತ್ತಕ್ಕೆ ತೋರುವ ಈ ಎಚ್ಚರವನ್ನು ನಾವು ನಮ್ಮ ಮೈಗೆ ತೋರುವುದಿಲ್ಲ. ಮೈಯ ತೂಕದಲ್ಲೂ ನೀರು ಇದೆ: ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಮೊದಲ ವಾರ ಸರಸರ ಇಳಿಯುವುದರಲ್ಲಿ ಹೆಚ್ಚಿನ ಪಾಲು ಈ ನೀರೇ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ದಾಸೋಹದ ರೊಟ್ಟಿ, ಮಿರ್ಚಿ ಉಂಡು ಬಂದ ಮರುದಿನ ಒಂದು ಕಿಲೋ ಏರಿದರೆ ಅದು ಹೆಚ್ಚಾಗಿ ಉಪ್ಪು ಹಿಡಿದಿಟ್ಟ ನೀರು. ಒಂದು ಕಿಲೋ ಕೊಬ್ಬು ಕೂಡಲು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಸಂಶೋಧಕ ಆನ್ಸೆಲ್ ಕೀಸ್ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟಾಗ ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಮೈ ಬಡಕಲಾಗುತ್ತಿದ್ದರೂ ಕಾಲುಗಳಲ್ಲಿ ನೀರು ತುಂಬಿ ಬಾವು ಬಂದಿತ್ತು. ಕೊಬ್ಬು ಕರಗುತ್ತಿದ್ದರೂ ನೀರು ಆ ಜಾಗ ತುಂಬಿ ಕಾಟಾವನ್ನು ವಾರಗಟ್ಟಲೆ ನಿಲ್ಲಿಸಬಲ್ಲದು.

ಕಾಟಾ ಬೇಡ ಎನ್ನುತ್ತಿಲ್ಲ. ದಿನಾ ನಿಲ್ಲಲಿ, ಬರೆದಿಡಲಿ. ಆದರೆ ಏಳು ದಿನದ ಸರಾಸರಿಯನ್ನು ಹೋದ ತಿಂಗಳ ಸರಾಸರಿಯೊಂದಿಗೆ ಇಟ್ಟು ನೋಡಲಿ, ಜೊತೆಗೆ ಹೊಟ್ಟೆಯ ಸುತ್ತಳತೆಗೆ ಒಂದು ಟೇಪು ಇರಲಿ. ಅಷ್ಟಾಗಿಯೂ ಎರಡೂ ನಿಂತಿದ್ದರೆ ಆಗ ತಾಟಿಗೆ ಕೈ ಹಾಕಬೇಕು. ಬೆಳಗಿನ ಒಂದು ಅಂಕಿ ಇಡೀ ದಿನದ ಮುಖಭಾವ ತೀರ್ಮಾನಿಸುವುದು ಮಾತ್ರ ಬೇಡ.

ಮೂರರಲ್ಲಿ ನನಗೆ ಹೆಚ್ಚು ನಂಬಿಕೆ ಅಂಜನಾದ್ರಿಯ ಮೇಲೆ. ವಾರಕ್ಕೊಮ್ಮೆ ಹತ್ತಿದರೆ ಕರಗುವ ಕ್ಯಾಲೊರಿ ಅಲ್ಪ, ಉಳಿದ ಆರು ದಿನವೂ ಕಾಲಿಗೆ ಕೆಲಸ ಬೇಕು. ಆದರೂ ಆ 575 ಮೆಟ್ಟಿಲು ಕಾಟಾ ಹೇಳದ ಸಂಗತಿ ಹೇಳುತ್ತವೆ. ತೂಕ ನಿಂತ ಏಳನೇ ವಾರದ ಶನಿವಾರ ನಸುಕಿನಲ್ಲಿ ನಾನೂ ಅವನ ಜೊತೆ ಹೋದೆ. ಮೊದಲ ತಿಂಗಳು ಐದು ಕಡೆ ಕೂರುತ್ತಿದ್ದವನು ಅಂದು ಕೂತದ್ದು ಒಂದೇ ಕಡೆ, ಅದೂ ನನಗಾಗಿ. ಸೊಂಟದ ಪಟ್ಟಿಗೆ ಮೊಳೆಯಿಂದ ಹೊಸ ತೂತು ಬಿದ್ದಿತ್ತು. ಅದನ್ನು ತೋರಿಸಿ ಕೇಳಿದೆ, “ಇದು ಯಾವಾಗಿಂದು?” ಮುಟ್ಟಿ ನೋಡಿಕೊಂಡ. “ಹೋದ ವಾರದ್ದು. 84 ಇದ್ದಾಗನ ಹಾಕಿದ್ದು.” ಸ್ವಲ್ಪ ಹೊತ್ತು ಸುಮ್ಮನಿದ್ದ. ಕೆಳಗೆ ತುಂಗಭದ್ರೆಯ ದಂಡೆಗುಂಟ ಭತ್ತದ ಗದ್ದೆಗಳ ಮೇಲೆ ಬಿಸಿಲು ಬೀಳುತ್ತಿತ್ತು. ಎದ್ದು ಅಂಗಿ ಜಾಡಿಸಿಕೊಂಡು ಕೇಳಿದ, “ಹಂಗಾರ ಹಿಂಡಿ ಚಮಚದಾಗ ಅಳೀಬೇಕಂತೀ?”