ಹುಂಜ ನೋಡಿ ಮರುಳಾಗುವವರಿಗೆ

ಬೇರಿಕೆ, ಬಾಗಲೂರು, ಶೂಲಗಿರಿ ಸುತ್ತಿನ ಹಳ್ಳಿಗಳಿಗೆ ನಾಟಿ ಕೋಳಿ ಹುಡುಕಿಕೊಂಡು ಬೆಂಗಳೂರಿನಿಂದ ಬರುವವರಿದ್ದಾರೆ. ಸಾರಿಗೆ ಬೇಕಾದವರ ಮಾತು ಬಿಡಿ, ಸಾಕಲು ಕೊಳ್ಳುವವರ ವಿಷಯ ಹೇಳುತ್ತಿದ್ದೇನೆ. ಬಂದವರೇ ಹುಂಜದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. ಕೆಂಪು ಕತ್ತು, ಹಸಿರು ಮಿಂಚುವ ಕರಿ ಬಾಲ, ನೆಟ್ಟಗೆ ನಿಂತ ಜುಟ್ಟು ನೋಡುತ್ತಾ ಫೋನು ತೆಗೆಯುತ್ತಾರೆ. ಅಷ್ಟು ಹೊತ್ತೂ ಹಿತ್ತಲ ಮೂಲೆಯಲ್ಲಿ ಮಂಕರಿಯೊಳಗೆ ಕೂತ ಬೂದುಬಣ್ಣದ ಹ್ಯಾಟೆಯ ಕಡೆ ಒಬ್ಬರಾದರೂ ತಿರುಗಿ ನೋಡುವುದಿಲ್ಲ.

ಹುಂಜದ ಮೋಹ ಇಂದಿನದಲ್ಲ. ಇಲ್ಲಿನ ತೆಲುಗು ಮನೆಗಳವರು ಕಾಕಿ, ಡೇಗ, ನೆಮಲಿ ಎಂದು ಹುಂಜದ ಬಣ್ಣ ವಿಂಗಡಿಸುತ್ತಾರೆ. ತಮಿಳಿನವರು ಕಾಗಂ, ವಲ್ಲೂರು, ಮಯಿಲ್ ಅನ್ನುತ್ತಾರೆ. ಕಾಗೆ, ಡೇಗೆ, ನವಿಲು ಎಂದರೆ ಮೂರು ಭಾಷೆ ಆಡುವ ಈ ಬೀದಿಗಳಲ್ಲಿ ಯಾರಿಗೂ ತಿಳಿಯುತ್ತದೆ. ಎಲ್ಲವೂ ಕೋಳಿಜಗಳದ ಕಣದಿಂದ ಬಂದ ಲೆಕ್ಕ. ವಿಳುಪ್ಪುರಂ ಜಿಲ್ಲೆಯ ಅರಸಲಾಪುರಂನಲ್ಲಿ ಕಾದಾಡಿ ಸತ್ತ ಹುಂಜಕ್ಕೇ ನೆಟ್ಟ ವೀರಗಲ್ಲಿದೆ, ಸುಮಾರು ಐದನೇ ಶತಮಾನದ್ದು. ಕೋಳಿಯ ಚಿತ್ರ ಕೆತ್ತಿ, ಅದರ ಊರನ್ನೂ ಬರೆಸಿದ್ದಾರೆ. ಹ್ಯಾಟೆಗೆ ನೆಟ್ಟ ಕಲ್ಲನ್ನು ನಾನಂತೂ ಎಲ್ಲೂ ಕಂಡಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದ ಮೇಲೆ ಕೋಳಿಜಗಳ ಕಾನೂನಿಗೆ ಹೊರಗಾಯಿತು, ಕಣದ ಕಣ್ಣು ಮಾತ್ರ ಕೊಳ್ಳುವವರಲ್ಲಿ ಹಾಗೇ ಉಳಿಯಿತು.

ಹಳದಿ ಕಾಲು ಕೇಳುವವರೂ ಇದ್ದಾರೆ. ಅವರಿಗೊಂದು ಸ್ವಾರಸ್ಯದ ಸಂಗತಿ. ಊರ ಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತಾನ ಎಂದು ಡಾರ್ವಿನ್ ಬರೆದಿದ್ದ. 2008ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ಹಳದಿ ಚರ್ಮದ ವಂಶವಾಹಿಯನ್ನು ಬೆನ್ನಟ್ಟಿ ನೋಡಿದಾಗ ಅದು ಬೂದು ಕಾಡುಕೋಳಿಯಿಂದ ಬಂದದ್ದೆಂದು ತೋರಿತು. ಆ ಹಕ್ಕಿ ನಮ್ಮ ಕಡೆಯದೇ; ಡೆಂಕಣಿಕೋಟೆ ದಾಟಿ ಮೇಲಗಿರಿ ಕಾಡಿಗೆ ಹೋದರೆ ಬೆಳಗಿನ ಹೊತ್ತು ಅದರ ಕೂಗು ಕೇಳಬಹುದು. ಅಂಗಡಿಯ ಬ್ರಾಯ್ಲರ್ ಕಾಲಿನ ಹಳದಿಗೂ ದಕ್ಷಿಣ ಭಾರತದ ಕಾಡಿಗೂ ನಂಟು ಹೀಗಿದೆ. ಆದರೆ ಹಿತ್ತಲಲ್ಲಿ ಕೋಳಿ ಉಳಿಸಿಕೊಳ್ಳಲು ಹಳದಿ ಕಾಲು ಯಾವ ಸಹಾಯವನ್ನೂ ಮಾಡುವುದಿಲ್ಲ.

ಉಳಿಸುವುದು ಕಾವು. ಇದು ನನ್ನ ಹಟ ಅಂತಲೇ ತಿಳಿಯಿರಿ.

ನಾಟಿ ಹ್ಯಾಟೆ ವರ್ಷಕ್ಕೆ ಇಡುವುದು ಐವತ್ತು, ಅರವತ್ತು ಮೊಟ್ಟೆ. ನಾಮಕ್ಕಲ್ಲಿನ ಪಂಜರದ ಕೋಳಿ ಮುನ್ನೂರು ದಾಟುತ್ತದೆ. ಇದನ್ನು ನೋಡಿ ನಾಟಿ ಕೋಳಿ ದಂಡ ಎನ್ನುವವರು ಒಂದನ್ನು ಮರೆಯುತ್ತಾರೆ: ಹತ್ತು ಹದಿನೈದು ಮೊಟ್ಟೆ ಇಟ್ಟು ಹ್ಯಾಟೆ ನಿಲ್ಲಿಸುವುದು ಸೋಮಾರಿತನದಿಂದಲ್ಲ. ಮೈಯಲ್ಲಿ ಪ್ರೊಲ್ಯಾಕ್ಟಿನ್ ಏರಿ ಕಾವು ಹಿಡಿಯುತ್ತದೆ, ಹೊಟ್ಟೆಯ ಪುಕ್ಕ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುತ್ತದೆ. ಇಪ್ಪತ್ತೊಂದು ದಿನ, ದಿನಕ್ಕೊಮ್ಮೆ ಇಳಿದು ಗಬಗಬ ತಿಂದು, ನೀರು ಕುಡಿದು, ದೊಡ್ಡದೊಂದು ಹಿಕ್ಕೆ ಹಾಕಿ ಮತ್ತೆ ಏರುತ್ತದೆ. ಕೂತಲ್ಲೇ ಮೊಟ್ಟೆ ತಿರುಗಿಸುತ್ತದೆ. ಕಡೆಯ ದಿನಗಳಲ್ಲಿ ಚಿಪ್ಪಿನೊಳಗಿಂದ ಮರಿ ಚಿಂಯ್‌ಗುಟ್ಟಿದರೆ ಗಂಟಲಲ್ಲೇ ಉತ್ತರ ಕೊಡುತ್ತದೆ. ಕರೆಂಟಿಲ್ಲದ, ಥರ್ಮಾಮೀಟರಿಲ್ಲದ ಈ ಕೆಲಸವನ್ನು ಯಂತ್ರದಲ್ಲಿ ಮಾಡಿಸಲು ಎಷ್ಟು ಖರ್ಚು ಎಂದು ಇನ್‌ಕ್ಯುಬೇಟರ್ ಇಟ್ಟವರನ್ನು ಕೇಳಿ.

ಹನ್ನೆರಡು ಇಟ್ಟರೆ ಹತ್ತು ಒಡೆಸುವ ಹ್ಯಾಟೆ ಉತ್ತಮ. ಹತ್ತನ್ನೂ ಹದ್ದು, ಮುಂಗುಸಿ, ನಾಯಿ ಬಾಯಿಂದ ಉಳಿಸಿ ತಿಪ್ಪೆ ಕೆದಕುವುದನ್ನು ಕಲಿಸುವ ಹ್ಯಾಟೆ ಅಪರೂಪ, ಮನೆಯವರು ಅದನ್ನು ಮಾರುವುದಿಲ್ಲ. ಮೊಟ್ಟೆ ತುಳಿದು ಒಡೆಯುವುದೂ ಉಂಟು, ಹತ್ತನೇ ದಿನ ಬೇಸರವಾಗಿ ಎದ್ದು ಹೋಗುವುದೂ ಉಂಟು. ಅಂಥದ್ದೇ ಸಂತೆಗೆ ಬರುತ್ತದೆ.

ಕೂರಿಸುವ ವಿದ್ಯೆ ಇಲ್ಲಿನ ಹೆಂಗಸರ ಕೈಯಲ್ಲಿದೆ. ಮಂಕರಿಗೆ ಮರಳು, ಮೇಲೆ ರಾಗಿಹುಲ್ಲು, ಹೇನು ಬಾರದಂತೆ ಬೇವಿನ ಸೊಪ್ಪು. ಜಾಗ ಬದಲಿಸುವುದಿದ್ದರೆ ರಾತ್ರಿಯೇ. ಒಂದು ವಾರ ಕಳೆದ ಮೇಲೆ ಕತ್ತಲಲ್ಲಿ ಟಾರ್ಚಿಗೆ ಹಿಡಿದು, ನರ ಹಬ್ಬದ ಮೊಟ್ಟೆ ತೆಗೆದುಬಿಡುತ್ತಾರೆ. ಮೊಟ್ಟೆಯ ಜೊತೆ ಇದ್ದಲು, ಕಬ್ಬಿಣದ ಚೂರು, ಒಣಮೆಣಸಿನಕಾಯಿ ಇಡುವುದು ಹಳೆಯ ರೂಢಿ. ಗುಡುಗಿಗೆ ಮೊಟ್ಟೆ ಕೆಡಬಾರದಂತೆ. ಕೆಡಿಸುವುದು ಗುಡುಗಲ್ಲ, ಗುಡುಗಿನ ಕಾಲದ ಸೆಕೆ ಎಂದು ನನ್ನ ಎಣಿಕೆ. ಏಪ್ರಿಲ್, ಮೇನಲ್ಲಿ ಅಡುಗೆಮನೆಯ ಮೂಲೆಯಲ್ಲಿ ಎರಡು ವಾರ ಕೂಡಿಟ್ಟ ಮೊಟ್ಟೆಯೊಳಗೆ ಭ್ರೂಣ ಅರೆಬರೆ ಬೆಳೆಯಲು ಹೊರಟು ಸಾಯುತ್ತದೆ. ಕಬ್ಬಿಣದ ಬದಲು ನೀರಿನ ಗಡಿಗೆಯ ಪಕ್ಕ ಒದ್ದೆ ಮರಳಿನ ಮೇಲೆ ಒಂದು ಬಟ್ಟಲಲ್ಲಿಟ್ಟರೆ ಒಳ್ಳೆಯದು. ಹೊಸೂರು ಸೀಮೆಯ ತಂಪು ಹವೆ ನಮ್ಮ ಪುಣ್ಯ.

ಕಾವು ಬೇಡವಾದಾಗ ಹ್ಯಾಟೆಯನ್ನು ನೀರಲ್ಲಿ ಅದ್ದುವುದು, ಮೂಗಿನ ತೂತಿಗೆ ಪುಕ್ಕ ಪೋಣಿಸುವುದು ಮಾಡುತ್ತಾರೆ. ನನಗೆ ನೋಡಲಾಗದು. ಗಾಳಿಯಾಡುವ ಕುಕ್ಕೆಯಡಿ, ಹುಲ್ಲು ಹಾಸದೆ ಮೂರ್ನಾಲ್ಕು ದಿನ ಕವುಚಿಟ್ಟರೆ ಸಾಕು.

ಇನ್ನು ಸರ್ಕಾರಿ ತಳಿಗಳು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಗಿರಿರಾಜ ಬಿಡುಗಡೆ ಮಾಡಿದಾಗ ಗಡಿಯ ಎರಡೂ ಕಡೆಯವರು ತಂದು ಸಾಕಿದರು. ಬಣ್ಣಬಣ್ಣದ ಪುಕ್ಕ, ಬೇಗ ತೂಕ, ವರ್ಷಕ್ಕೆ ನೂರ ಮೂವತ್ತರ ಮೇಲೆ ಮೊಟ್ಟೆ. ಆಮೇಲೆ ಸ್ವರ್ಣಧಾರ ಬಂತು, ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು. ಒಳ್ಳೆಯ ಹಕ್ಕಿಗಳೇ, ಮೊಟ್ಟೆ ಮಾರುವವರಿಗೆ ನಾನೂ ಅವನ್ನೇ ಹೇಳುತ್ತೇನೆ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಗೂ ನಾಟಿ ಹ್ಯಾಟೆಯ ಮಡಿಲೇ ಬೇಕು, ಇಲ್ಲವೇ ಪ್ರತಿ ಸಲ ಮರಿಗೆ ಹ್ಯಾಚರಿಯ ಬಾಗಿಲು. ಇಲ್ಲಿಂದ ಹೊಸೂರಿನ ಮತ್ತಿಗಿರಿ ದೂರವಲ್ಲ. ಅಲ್ಲಿ ಸೈನ್ಯಕ್ಕಾಗಿ 1824ರಲ್ಲಿ ಶುರುವಾದ ಜಾನುವಾರು ಫಾರಂ ಇದೆ, ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕೋಳಿಸಾಕಣೆ ಕಾಲೇಜೂ ಇದೆ. ಸಲಹೆಗೆ ಹೋಗಿ, ಸಿಗುತ್ತದೆ. ತಳಿಯನ್ನು ಪೂರ್ತಿ ಅಂಥ ಒಂದೇ ಜಾಗಕ್ಕೆ ಒಪ್ಪಿಸುವುದು ಬೇಡ. 2012ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ಬಂದದ್ದು ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಫಾರಂಗೇ, ಹಕ್ಕಿಗಳನ್ನು ಕೊಲ್ಲಬೇಕಾಯಿತು. ನೂರು ಹಿತ್ತಲುಗಳಲ್ಲಿ ಹಂಚಿಹೋದ ತಳಿ ಒಂದೇ ಏಟಿಗೆ ಹೋಗುವುದಿಲ್ಲ.

2019ರ ಜಾನುವಾರು ಗಣತಿಯಂತೆ ದೇಶದ ಹಿತ್ತಲ ಕೋಳಿಗಳು 31.7 ಕೋಟಿ, ಹಿಂದಿನ ಗಣತಿಗಿಂತ ಶೇ 46ರಷ್ಟು ಹೆಚ್ಚು. ಫಾರಂ ಕೋಳಿ ಏರಿದ್ದು ಶೇ 4.5 ಮಾತ್ರ. ಗಣತಿಯ ಈ ಕೋಳಿಗಳಲ್ಲಿ ಎಷ್ಟು ಕಾವಿಗೆ ಕೂರುತ್ತವೆ ಎಂದು ಯಾರಾದರೂ ಎಣಿಸಿದ್ದರೆ ಚೆನ್ನಾಗಿತ್ತು.

ಎಂಥ ಹ್ಯಾಟೆಯ ಶ್ರಮವನ್ನೂ ಮಣ್ಣು ಮಾಡುವುದು ಕೊಕ್ಕರೆ ರೋಗ, ತಮಿಳಿನವರ ವೆಳ್ಳೈಕಳಿಚ್ಚಲ್, ಪುಸ್ತಕದ ರಾಣಿಖೇತ್. ಬಂದರೆ ಕೇರಿಯೇ ಖಾಲಿ. ಮರಿಗೆ ಒಂದು ವಾರದೊಳಗೆ ಕಣ್ಣಿಗೆ ಲಸೋಟಾ ಹನಿ, ಎಂಟು ವಾರ ದಾಟಿದ ಮೇಲೆ ರೆಕ್ಕೆಯಡಿ ಆರ್‌ಟುಬಿ ಚುಚ್ಚುಮದ್ದು. ಕಷ್ಟವಿರುವುದು ಸೀಸೆಯಲ್ಲಿ. ಒಂದು ಸೀಸೆ ನೂರು ಕೋಳಿಗಾಗುವಷ್ಟು, ಕಲಸಿದ ಮೇಲೆ ಗಂಟೆ ಎರಡು ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿಯ ಮನೆಯವರು ಅದನ್ನು ಒಡೆಯಲು ಹಿಂಜರಿಯುತ್ತಾರೆ. ಬೀದಿಯವರೆಲ್ಲ ಕೂಡಿಯೇ ಹಾಕಿಸಬೇಕು. ತಮಿಳುನಾಡು ಪಶುಸಂಗೋಪನಾ ಇಲಾಖೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಉಚಿತ ಲಸಿಕೆ ಶಿಬಿರ ನಡೆಸುತ್ತದೆ. ಬೇರಿಕೆಯ ಗುಲಾಬಿ ತೋಟಗಳಲ್ಲಿ ಪ್ರೇಮಿಗಳ ದಿನದ ಕಟಾವಿಗೆ ಉಸಿರಾಡಲು ಪುರಸೊತ್ತಿಲ್ಲದ ತಿಂಗಳೂ ಅದೇ. ಹೂ ಕೊಯ್ಯಲು ಹೊರಡುವ ಮುಂಚೆ, ಕೋಳಿ ಗೂಡಿನಿಂದ ಇಳಿಯುವ ಮುಂಚೆ ಹಿಡಿದಿಡಿ. ಔಷಧಿ ಹೊಡೆದ ತೋಟದ ಕಡೆಗೆ ಆಮೇಲೂ ಬಿಡಬೇಡಿ.

ಮಾರಾಟಕ್ಕೆ ಗಡಿಯ ಪಂಚಾಂಗ ನೋಡಬೇಕು. ಪುರಟ್ಟಾಸಿ ತಿಂಗಳಲ್ಲಿ ತಮಿಳು ಮನೆಗಳು ಮಾಂಸ ಬಿಟ್ಟು ಕೂತಿರುತ್ತವೆ. ಅದೇ ಹೊತ್ತಿಗೆ ಕನ್ನಡದ ಎಷ್ಟೋ ಮನೆಗಳಲ್ಲಿ ಪಿತೃಪಕ್ಷದ ಎಡೆಗೆ ಕೋಳಿ ಬೇಕು. ಯುಗಾದಿಯ ಮರುದಿನದ ಹೊಸತೊಡಕಿಗಂತೂ ಹುಂಜಕ್ಕೆ ಕೇಳಿದಷ್ಟು ಬೆಲೆ. ಇಲ್ಲಿನವರು ಇವೆರಡನ್ನೂ ಹಿಂದಕ್ಕೆ ಎಣಿಸಿ ಹ್ಯಾಟೆ ಕೂರಿಸುತ್ತಾರೆ.

ಕೊಳ್ಳುವವರಿಗೆ ಕೊನೆಗೊಂದು ಮಾತು. ಹಕ್ಕಿಗಳಲ್ಲಿ ಹೆಣ್ಣುಮರಿಗೆ ಝಡ್ ವರ್ಣತಂತು ಬರುವುದು ತಂದೆಯಿಂದ. ಕಾವಿನ ಗುಣದ ಒಂದು ಪಾಲು ಅದರಲ್ಲೇ ಹರಿಯುತ್ತದೆ ಎಂದವರೂ ಇದ್ದಾರೆ, ಬೇರೆ ವರ್ಣತಂತುಗಳಲ್ಲಿದೆ ಎಂದವರೂ ಇದ್ದಾರೆ. ಹೇಗಿದ್ದರೂ ಹುಂಜ ಕೊಳ್ಳುವಾಗ ಅದರ ತಾಯಿ ಯಾವುದು ಎಂದು ಕೇಳುವುದು ಜಾಣತನ. ಹೀಗೆ ಕೇಳಿದಾಗ ಇಲ್ಲಿನ ಅಜ್ಜಿಯೊಬ್ಬರು ನನ್ನನ್ನು ನೋಡಿ ನಕ್ಕು, ‘ಬಾರಪ್ಪಾ ಇತ್ತ, ಇದೊಂದು ಕೇಳ್ದೋನು ನೀನೇ’ ಎಂದು ಮಂಕರಿಯ ಕಡೆ ಕರೆದೊಯ್ದರು. ಅಂಥ ಹ್ಯಾಟೆಯನ್ನು ದುಡ್ಡಿಗೆ ಕೊಡರು. ಪಾಲಿಗೆ ಕೇಳಿ ನೋಡಿ: ಹ್ಯಾಟೆ ಅವರದು, ಮೇವು ಕಾವಲು ನಿಮ್ಮದು, ಮರಿ ಅರ್ಧರ್ಧ. ಒಂದು ಕಾವು ಮುಗಿದ ಮೇಲೆ ತಾಯಿಯನ್ನು ವಾಪಸು ಬಿಟ್ಟು ಬನ್ನಿ, ಹೆಣ್ಣುಮರಿಗಳನ್ನು ಉಳಿಸಿಕೊಂಡು ಹುಂಜಗಳನ್ನು ಅವರ ಪಾಲಿಗೆ ಹಾಕಿ. ಹೊಸತೊಡಕಿಗೆ ಅವರಿಗೂ ಅದೇ ಲಾಭ.